ಸ್ಪೈವೇರ್ ತೆಗೆಯುವ ಸಾಫ್ಟ್‌ವೇರ್: ಯಾರ ಮಾತು ನಂಬಬೇಕು? ಗ್ರೇಸ್ ಹಾಪರ್ ತೋರಿಸಿದ ದಾರಿ

2019ರ ಮಾರ್ಚ್‌ನಲ್ಲಿ ಗ್ರಾಹಕರನ್ನು ವಂಚನೆಯಿಂದ ಕಾಪಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ಪ್ರಕರಣವನ್ನು ಇತ್ಯರ್ಥ ಮಾಡಿತು. ಆಫೀಸ್ ಡಿಪೋ ಎಂಬ ದೊಡ್ಡ ಮಳಿಗೆ ಸರಣಿ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದಕ್ಕೆ ಸಾಫ್ಟ್‌ವೇರ್ ಒದಗಿಸಿದ್ದ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಗ್ರಾಹಕರ ಕಂಪ್ಯೂಟರನ್ನು ಮಳಿಗೆಯಲ್ಲಿ ಪುಕ್ಕಟೆಯಾಗಿ ತಪಾಸಣೆ ಮಾಡಿಕೊಡುತ್ತಿದ್ದ ಪ್ರೋಗ್ರಾಂ ಬಗ್ಗೆ ಈ ಪ್ರಕರಣ. ಆ ಪ್ರೋಗ್ರಾಂ ಶುರುವಿನಲ್ಲೇ ನಾಲ್ಕು ಪ್ರಶ್ನೆ ಕೇಳುತ್ತಿತ್ತು. ಕಂಪ್ಯೂಟರ್ ನಿಧಾನವಾಗಿದೆಯಾ? ವೈರಸ್ ಎಚ್ಚರಿಕೆ ಬರುತ್ತಿದೆಯಾ? ಪದೇ ಪದೇ ಕ್ರ್ಯಾಶ್ ಆಗುತ್ತಿದೆಯಾ? ಪಾಪ್‌-ಅಪ್ ಕಾಟದಿಂದ ಇಂಟರ್ನೆಟ್ ನೋಡಲು ಕಷ್ಟವಾಗುತ್ತಿದೆಯಾ? ಇದರಲ್ಲಿ ಒಂದಕ್ಕೆ ಟಿಕ್ ಹಾಕಿದರೂ ಸಾಕಿತ್ತು. ಕೊನೆಗೆ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್ ಇದೆ ಅಥವಾ ಅದರ ಲಕ್ಷಣ ಇದೆ ಎಂಬ ಫಲಿತಾಂಶ ಬರುತ್ತಿತ್ತು. ನಡುವೆ ಪರದೆ ಮೇಲೆ ಓಡುತ್ತಿದ್ದ ಸ್ಕ್ಯಾನ್‌ಗೂ ಆ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ ಅನ್ನೋದು ಕಮಿಷನ್‌ನ ಆರೋಪ. ಆಮೇಲೆ ರಿಪೇರಿ ಹೆಸರಲ್ಲಿ ನೂರಾರು ಡಾಲರ್ ವಸೂಲಿ.

ಈ ತಂತ್ರ ಹಳೆಯದು. 2006ರಲ್ಲೇ ವಾಷಿಂಗ್ಟನ್ ರಾಜ್ಯ ಸರ್ಕಾರ ಮತ್ತು ಮೈಕ್ರೋಸಾಫ್ಟ್, 'ಸ್ಪೈವೇರ್ ಕ್ಲೀನರ್' ಎಂಬ ಪ್ರೋಗ್ರಾಂ ಮಾರುತ್ತಿದ್ದ ಕಂಪನಿಯ ಮೇಲೆ ದಾವೆ ಹೂಡಿದ್ದವು. ಏನೂ ಇಲ್ಲದ ಕಂಪ್ಯೂಟರ್‌ನಲ್ಲೂ ಅದು ಸ್ಪೈವೇರ್ ಇದೆ ಎನ್ನುತ್ತಿತ್ತು ಎಂಬುದು ದೂರು. ಅದೇ ವರ್ಷ 10 ಲಕ್ಷ ಡಾಲರ್‌ಗೆ ರಾಜಿಯಾಯಿತು. 2024ರಲ್ಲಿ ರೆಸ್ಟೋರೋ ಮತ್ತು ರೀಇಮೇಜ್ ಎಂಬ ಕಂಪನಿಗಳು 2.6 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಅಲ್ಲೂ ದೂರು ಹೆಚ್ಚುಕಡಿಮೆ ಇದೇ. ಇಲ್ಲದ ತೊಂದರೆ ತೋರಿಸಿ ಹೆದರಿಸಿದರು, ಹಣ ತೆಗೆದುಕೊಂಡರು.

ಹದಿನೆಂಟು ವರ್ಷ ಕಳೆದರೂ ಅದೇ ಮೋಸ ಹೇಗೆ ನಡೆಯುತ್ತದೆ? ಯಾಕೆಂದರೆ ಈ ಸರಕಿನ ಗುಣ ಕೊಳ್ಳುವವರಿಗೆ ಕಾಣುವುದೇ ಇಲ್ಲ. ಸ್ಪೈವೇರ್ ಕೆಲಸವೇ ಕಣ್ಣಿಗೆ ಬೀಳದೆ ಇರುವುದು. ನೀವು ಒತ್ತುವ ಕೀಲಿ, ನೋಡುವ ಪುಟ, ಬರುವ ಸಂದೇಶ, ಇರುವ ಜಾಗ, ಇವನ್ನೆಲ್ಲ ಸದ್ದಿಲ್ಲದೆ ಬೇರೆಯವರಿಗೆ ಸಾಗಿಸುತ್ತದೆ. ಅದನ್ನು ತೆಗೆಯುತ್ತೇನೆ ಎನ್ನುವ ಸಾಫ್ಟ್‌ವೇರ್ ಒಳಗೆ ಏನು ಮಾಡುತ್ತಿದೆ ಅಂತಲೂ ನಮಗೆ ಕಾಣುವುದಿಲ್ಲ. ಕೊನೆಗೆ 'ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ' ಎಂದು ಹಸಿರು ಗುರುತು ಬರುತ್ತದೆ. ಮೊದಲೇ ಸುರಕ್ಷಿತವಾಗಿತ್ತಾ, ಈಗ ಆಯಿತಾ, ಇನ್ನೂ ಆಗಿಲ್ಲವಾ? ಮೂರರಲ್ಲಿ ಯಾವುದು ನಿಜವಾದರೂ ಪರದೆ ಮೇಲೆ ಕಾಣುವುದು ಅದೇ ಹಸಿರು ಗುರುತು.

ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಇದಕ್ಕೆ ಉತ್ತರ ಹುಡುಕುವಾಗ ನನಗೆ ಮತ್ತೆ ಮತ್ತೆ ನೆನಪಾಗುವವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್. ಅವರ ಕಾಲದಲ್ಲಿ ಸ್ಪೈವೇರ್ ಎಂಬ ಮಾತೇ ಇರಲಿಲ್ಲ. ಆದರೆ ಯಂತ್ರದ ಒಳಗೆ ನಡೆಯುವುದನ್ನು ನಂಬುವುದು ಹೇಗೆ, ಮಾರುವವರ ಮಾತನ್ನು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆಗಳ ಜೊತೆ ಅವರು ಹೆಚ್ಚುಕಡಿಮೆ ಇಡೀ ಬದುಕು ಕಳೆದರು.

ಹಾಪರ್ ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕ್‌ನಲ್ಲಿ. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ನೌಕಾಪಡೆ ಸೇರಲು ಹೊರಟರು. ವಯಸ್ಸು ಜಾಸ್ತಿ, ತೂಕ ಕಡಿಮೆ ಎಂಬ ಅಡ್ಡಿ ಬಂತು. ಅವರು ಬಿಡಲಿಲ್ಲ, ವಿನಾಯಿತಿ ಪಡೆದು ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್‌ಗೆ ಕಳಿಸಲಾಯಿತು. ಅಲ್ಲಿದ್ದದ್ದು ಮಾರ್ಕ್ 1, ಸುಮಾರು 51 ಅಡಿ ಉದ್ದದ ಲೆಕ್ಕದ ಯಂತ್ರ. ಅದಕ್ಕೆ ಪ್ರೋಗ್ರಾಂ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು. 500ಕ್ಕೂ ಹೆಚ್ಚು ಪುಟಗಳ ಅದರ ಕೈಪಿಡಿಯನ್ನು ಬರೆದದ್ದೂ ಬಹುಪಾಲು ಅವರೇ.

ಅವರ ಹೆಸರಿನ ಜೊತೆ ಸದಾ ಅಂಟಿಕೊಂಡಿರುವುದು ಪತಂಗದ ಕಥೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರ ಕೈಕೊಟ್ಟಿತು. ಬಿಚ್ಚಿ ನೋಡಿದರೆ ರಿಲೇ ಎಂಬ ವಿದ್ಯುತ್ ಸ್ವಿಚ್ ಒಂದರ ನಡುವೆ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ಹಿಡಿದವರು ಹಾಪರ್ ಎಂದು ಎಷ್ಟೋ ಕಡೆ ಬರೆಯುತ್ತಾರೆ. ನಿಜದಲ್ಲಿ ಹಿಡಿದದ್ದು ಅವರ ತಂಡದವರು. ಆ ಕಥೆಯನ್ನು ಊರೂರಿಗೆ ಹೇಳಿ ಪ್ರಸಿದ್ಧ ಮಾಡಿದವರು ಹಾಪರ್. ನನಗೆ ಈ ಕಥೆಯಲ್ಲಿ ಪತಂಗಕ್ಕಿಂತ, ಅದನ್ನು ಬರೆದಿಟ್ಟ ದಾಖಲೆ ಪುಸ್ತಕವೇ ಮುಖ್ಯ ಅನಿಸುತ್ತದೆ. ಆ ಪುಟ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಸಮಯ 15:45. ಪ್ಯಾನೆಲ್ ಎಫ್. ರಿಲೇ ನಂಬರ್ 70. ಪಕ್ಕದಲ್ಲೇ ಟೇಪ್ ಹಾಕಿ ಅಂಟಿಸಿದ ಪತಂಗ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಏನು ಸಿಕ್ಕಿತು ಎಂಬುದು ಬರೆದಿದೆ. ಸಿಕ್ಕ ವಸ್ತುವೂ ಅಲ್ಲೇ ಇದೆ. ಎಪ್ಪತ್ತೈದು ವರ್ಷ ದಾಟಿದ ಮೇಲೂ ಯಾರು ಬೇಕಾದರೂ ನೋಡಬಹುದು.

ಸ್ಪೈವೇರ್ ತೆಗೆಯುವ ಸಾಫ್ಟ್‌ವೇರ್‌ನಿಂದ ನಾವು ಮೊದಲು ಕೇಳಬೇಕಾದ್ದು ಇಂಥದ್ದೇ ವರದಿ. 'ನಿಮ್ಮ ಕಂಪ್ಯೂಟರ್‌ನಲ್ಲಿ 847 ಅಪಾಯಗಳಿವೆ' ಎಂದು ಕೆಂಪು ಅಕ್ಷರದಲ್ಲಿ ಕಿರುಚುವುದು ವರದಿಯಲ್ಲ. ಅದನ್ನು ಬಿಡಿಸಿ ನೋಡಿದರೆ ಅದರಲ್ಲಿ ಬಹಳಷ್ಟು ಮಾಮೂಲಿ ಬ್ರೌಸರ್ ಕುಕೀಗಳು, ತಾತ್ಕಾಲಿಕ ಫೈಲುಗಳು, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯ ಹಳೆಯ ನಮೂದುಗಳು. ಅವುಗಳಿಂದ ಕಂಪ್ಯೂಟರ್‌ಗೆ ಏನೂ ಆಗುವುದಿಲ್ಲ. ಒಳ್ಳೆಯ ಸಾಫ್ಟ್‌ವೇರ್ ಯಾವ ಫೋಲ್ಡರ್‌ನಲ್ಲಿ ಯಾವ ಫೈಲ್ ಸಿಕ್ಕಿತು ಎಂದು ಪೂರ್ತಿ ವಿಳಾಸ ಕೊಡುತ್ತದೆ. ಅದಕ್ಕೆ ಇಟ್ಟಿರುವ ಹೆಸರು ಕೊಡುತ್ತದೆ. ಆ ಹೆಸರನ್ನು ಬೇರೆ ಕಡೆ ಹುಡುಕಿದರೆ ವಿವರ ಸಿಗುತ್ತದೆ. ಸಿಕ್ಕಿದ್ದನ್ನು ತಕ್ಷಣ ಅಳಿಸಿ ಹಾಕದೆ ಕ್ವಾರಂಟೈನ್‌ನಲ್ಲಿ, ಅಂದರೆ ಏನೂ ಮಾಡಲಾಗದಂತೆ ಬೇರೆ ಕಡೆ ಕೂಡಿಹಾಕಿ ಇಡುತ್ತದೆ. ತಪ್ಪಾಗಿದ್ದರೆ ವಾಪಸ್ ತರಬಹುದು.

ಈ ವಾಪಸ್ ತರುವ ದಾರಿ ಸಣ್ಣ ವಿಷಯ ಅಂದುಕೊಳ್ಳಬೇಡಿ. 2010ರ ಏಪ್ರಿಲ್ 21ರಂದು ಆ್ಯಂಟಿವೈರಸ್ ಕಂಪನಿ ಮ್ಯಾಕಫೀ ಬಿಟ್ಟ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಎಂದು ತಿಳಿಯಿತು. ಎಸ್‌ವಿಸಿಹೋಸ್ಟ್ ಎಂಬ ಆ ಫೈಲ್ ಇಲ್ಲದೆ ವಿಂಡೋಸ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟೋ ಕಚೇರಿಗಳಲ್ಲಿ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆಗುತ್ತಲೇ ಉಳಿದವು. ಹೆಸರುವಾಸಿ ಕಂಪನಿಯಿಂದಲೇ ಹೀಗಾಯಿತು. ಆದ್ದರಿಂದ ಎಷ್ಟು ಹಿಡಿಯುತ್ತದೆ ಎಂಬುದರ ಜೊತೆಗೆ, ಹಿಡಿಯಬಾರದ್ದನ್ನು ಎಷ್ಟು ಹಿಡಿಯುತ್ತದೆ ಎಂಬುದನ್ನೂ ನೋಡಬೇಕು. ಜಾಹೀರಾತುಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

ಹಾಪರ್ ಕಥೆಗೆ ವಾಪಸ್ ಬರೋಣ. ಮಾರ್ಕ್ 1 ಕಾಲದಲ್ಲಿ ಪ್ರೋಗ್ರಾಮರ್‌ಗಳು ಒಮ್ಮೆ ಸರಿಯಾಗಿ ಓಡಿದ ಕೋಡಿನ ತುಣುಕುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಬೇಕಾದಾಗ ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವಾಗ ತಪ್ಪುಗಳಾಗುತ್ತಿದ್ದವು. ಅಂಕಿ ಕೂಡಿಸುವಾಗ ಇನ್ನಷ್ಟು ತಪ್ಪು. ನಕಲು ಮಾಡುವ, ಲೆಕ್ಕ ಹಾಕುವ ಕೆಲಸಕ್ಕೆ ಯಂತ್ರವೇ ಇರುವಾಗ ಮನುಷ್ಯರು ಯಾಕೆ ಮಾಡಬೇಕು ಅನ್ನೋದು ಹಾಪರ್ ಯೋಚನೆ. 1949ರಲ್ಲಿ ಅವರು ಎಕರ್ಟ್–ಮಾಕ್ಲಿ ಕಂಪನಿ ಸೇರಿದರು. ಯುನಿವ್ಯಾಕ್ ಕಂಪ್ಯೂಟರ್ ತಯಾರಾಗುತ್ತಿದ್ದುದು ಅಲ್ಲೇ. 1952ರ ಹೊತ್ತಿಗೆ ಎ-0 ಎಂಬ ವ್ಯವಸ್ಥೆ ಸಿದ್ಧವಾಗಿತ್ತು. ತುಣುಕುಗಳ ಸಂಗ್ರಹದಿಂದ ಬೇಕಾದ್ದನ್ನು ಹೆಸರಿಸಿದರೆ ಸಾಕು, ಕಂಪ್ಯೂಟರೇ ಹುಡುಕಿ ಜೋಡಿಸಿ ಪ್ರೋಗ್ರಾಂ ಕಟ್ಟುತ್ತಿತ್ತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂಗೆ ಕಂಪೈಲರ್ ಎನ್ನುತ್ತಾರೆ. ಇಂದಿನ ಅರ್ಥದ ಪೂರ್ಣ ಕಂಪೈಲರ್ ಅದಲ್ಲ, ಆದರೆ ಆ ದಾರಿಯ ಮೊದಲ ಹೆಜ್ಜೆ. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡುತ್ತದೆ, ಪ್ರೋಗ್ರಾಂ ಬರೆಯುವುದಿಲ್ಲ ಎನ್ನುತ್ತಾ ಸುತ್ತಲಿನವರು ಇದನ್ನು ನಂಬಲೇ ಇಲ್ಲವಂತೆ. ಮುಂದೆ ಅವರ ತಂಡ ಫ್ಲೋ-ಮ್ಯಾಟಿಕ್ ರೂಪಿಸಿತು. ಮಾಮೂಲಿ ಮಾತಿನ ಪದಗಳಲ್ಲೇ ಆದೇಶ ಬರೆಯುವ ಭಾಷೆ ಅದು. 1959ರಲ್ಲಿ ಶುರುವಾದ ಕೋಬಾಲ್ ಭಾಷೆಗೆ ಅದೇ ಮುಖ್ಯ ತಳಹದಿ.

ಇದರಿಂದ ಆದ ಉಪಕಾರ ಎಣಿಸಲಾಗದು. ಯಂತ್ರದ ಅಂಕಿಭಾಷೆ ಗೊತ್ತಿಲ್ಲದವರೂ ಕಂಪ್ಯೂಟರ್ ಬಳಸುವಂತಾಯಿತು. ಜೊತೆಗೇ ಇನ್ನೊಂದೂ ಆಯಿತು. ನಾವು ಬರೆಯುವುದಕ್ಕೂ ಯಂತ್ರ ಮಾಡುವುದಕ್ಕೂ ನಡುವೆ ಕಣ್ಣಿಗೆ ಕಾಣದ ಪದರವೊಂದು ಬಂತು. ಆಮೇಲೆ ಪದರದ ಮೇಲೆ ಪದರ ಬೆಳೆಯಿತು. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣ 1984ರಲ್ಲಿ ಪ್ರಕಟವಾಯಿತು. ಕಂಪೈಲರ್ ಒಳಗೇ ಕಳ್ಳದಾರಿ ಬಚ್ಚಿಟ್ಟರೆ, ಪ್ರೋಗ್ರಾಮಿನ ಮೂಲ ಕೋಡನ್ನು ಎಷ್ಟು ಸಲ ಓದಿದರೂ ಅದು ಸಿಗುವುದಿಲ್ಲ ಎಂದು ಅವರು ಅದರಲ್ಲಿ ತೋರಿಸಿದರು. ಕೆಳಗಿನ ಪದರ ಯಾರ ಕೈಯಲ್ಲಿದೆಯೋ ಮೇಲಿನದೆಲ್ಲ ಅವರ ಕೈಯಲ್ಲಿ.

ಸ್ಪೈವೇರ್ ತೆಗೆಯುವ ಸಾಫ್ಟ್‌ವೇರ್ ಕೇಳುವುದು ಆ ಕೆಳಗಿನ ಪದರವನ್ನೇ. ಬೇರೆ ಪ್ರೋಗ್ರಾಂಗಳು ಬಚ್ಚಿಟ್ಟದ್ದನ್ನು ಹುಡುಕಬೇಕಾದರೆ ಎಲ್ಲ ಫೈಲುಗಳನ್ನೂ ಓದುವ ಹಕ್ಕು ಬೇಕು. ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸುವ ಹಕ್ಕು ಬೇಕು. ಎಷ್ಟೋ ಸಲ ಕರ್ನಲ್ ಮಟ್ಟದಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ಒಳಗರ್ಭದಲ್ಲೇ ಕೂರಬೇಕು. ಕೆಟ್ಟ ಸ್ಪೈವೇರ್ ಬಯಸುವ ಹಕ್ಕುಗಳೂ ಇವೇ. ಎರಡರ ನಡುವಿನ ವ್ಯತ್ಯಾಸ ಆ ಕಂಪನಿಯ ಪ್ರಾಮಾಣಿಕತೆ ಮತ್ತು ಎಚ್ಚರಿಕೆಯಲ್ಲಿ ಮಾತ್ರ ಇದೆ. ಆದ್ದರಿಂದ ಇಲ್ಲಿ 'ಎಷ್ಟು ಫೀಚರ್ ಇದೆ' ಎಂದು ಕೇಳುವ ಮೊದಲು 'ಮನೆಯ ಎಲ್ಲ ಬೀಗದ ಕೈ ಇವರಿಗೆ ಕೊಡಬಹುದಾ' ಎಂದು ಕೇಳಬೇಕು.

ಹೀಗೆ ಕೊಟ್ಟವರಿಗೆ ಏನಾಗಿದೆ ಎಂಬುದಕ್ಕೆ ಉದಾಹರಣೆಗಳು ಕಣ್ಣೆದುರೇ ಇವೆ. ಅವಾಸ್ಟ್ ಕೋಟ್ಯಂತರ ಜನ ಬಳಸುವ ಆ್ಯಂಟಿವೈರಸ್. ಅದರ ಬ್ರೌಸರ್ ಎಕ್ಸ್‌ಟೆನ್ಷನ್ ಮತ್ತು ಆ್ಯಂಟಿವೈರಸ್ ಮೂಲಕ ಜನ ಯಾವ ಪುಟ ನೋಡುತ್ತಾರೆ ಎಂಬ ಮಾಹಿತಿ ಸಂಗ್ರಹವಾಗುತ್ತಿತ್ತು. ಜಂಪ್‌ಶಾಟ್ ಎಂಬ ಅಂಗಸಂಸ್ಥೆ ಅದನ್ನು ನೂರಕ್ಕೂ ಹೆಚ್ಚು ಬೇರೆ ಕಂಪನಿಗಳಿಗೆ ಮಾರಿತು. 2020ರ ಜನವರಿಯಲ್ಲಿ ಇದು ಹೊರಬಿದ್ದಾಗ ಜಂಪ್‌ಶಾಟ್ ಮುಚ್ಚಿದರು. 2024ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಜಾಹೀರಾತಿಗಾಗಿ ಬ್ರೌಸಿಂಗ್ ಮಾಹಿತಿ ಮಾರುವುದಕ್ಕೂ ನಿಷೇಧ ಹಾಕಿತು. ಕದ್ದು ನೋಡುವವರಿಂದ ಕಾಪಾಡುತ್ತೇವೆ ಎಂದವರೇ ನೋಡಿದ್ದನ್ನು ಮಾರಿದರು. ಇದು ನನ್ನನ್ನು ನಿಜಕ್ಕೂ ಸಿಟ್ಟಿಗೆಬ್ಬಿಸುವ ಪ್ರಕರಣ. ಜನ ಹುಷಾರಾಗಿರಬೇಕೆಂದೇ ಆ ಸಾಫ್ಟ್‌ವೇರ್ ಹಾಕಿಕೊಂಡಿದ್ದರು, ಅಲ್ವಾ?

ಇನ್ನೊಂದು ನೋಡಿ. 2024ರಲ್ಲಿ ಅಮೆರಿಕ ಸರ್ಕಾರ ರಷ್ಯಾದ ಕ್ಯಾಸ್ಪರ್‌ಸ್ಕಿ ಆ್ಯಂಟಿವೈರಸ್ ಮಾರಾಟ ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಎಷ್ಟೋ ಗ್ರಾಹಕರು ಕಂಪ್ಯೂಟರ್ ತೆರೆದರೆ ಕ್ಯಾಸ್ಪರ್‌ಸ್ಕಿ ಮಾಯವಾಗಿತ್ತು. ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ, ಅವರು ಹೆಸರೇ ಕೇಳದ ಸಾಫ್ಟ್‌ವೇರ್ ತಾನಾಗಿ ಬಂದು ಕೂತಿತ್ತು. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಬಿಟ್ಟ ಒಂದೇ ಒಂದು ದೋಷದ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು. ವಿಮಾನ, ಆಸ್ಪತ್ರೆ, ಬ್ಯಾಂಕ್ ಎಲ್ಲಕ್ಕೂ ಪೆಟ್ಟು ಬಿತ್ತು. ಅದರಲ್ಲಿ ಯಾರದೂ ಕೆಟ್ಟ ಉದ್ದೇಶ ಇರಲಿಲ್ಲ. ಆಳದ ಹಕ್ಕು ಇದ್ದವರ ಸಣ್ಣ ತಪ್ಪೂ ದೊಡ್ಡದಾಗುತ್ತದೆ, ಅಷ್ಟೇ.

ಹಾಗಾಗಿ ಇನ್‌ಸ್ಟಾಲ್ ಮಾಡುವ ಮೊದಲು ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿ. ವರ್ಷದ ಚಂದಾ ತೆಗೆದುಕೊಳ್ಳುವವರಾದರೆ ಲೆಕ್ಕ ಸರಳ. ಪೂರ್ತಿ ಪುಕ್ಕಟೆ, ಚಂದಾದ ಆವೃತ್ತಿಯೂ ಇಲ್ಲ, ಹಿಂದೆ ದೊಡ್ಡ ಸಂಸ್ಥೆಯೂ ಇಲ್ಲ ಎಂದಾದರೆ ಬೇರೆ ಏನನ್ನೋ ಮಾರುತ್ತಿರಬೇಕು. ಸ್ಕ್ಯಾನ್ ಪುಕ್ಕಟೆ, ತೆಗೆಯುವುದಕ್ಕೆ ಹಣ ಎನ್ನುವವರ ಬಳಿ ಇನ್ನೂ ಜಾಸ್ತಿ ಹುಷಾರಾಗಿರಿ. ಅವರ ಲಾಭ ಪೂರ್ತಿ ನಿಂತಿರುವುದು ಸ್ಕ್ಯಾನ್ ಎಷ್ಟು ಹೆದರಿಸುತ್ತದೆ ಎಂಬುದರ ಮೇಲೆ.

ಪ್ರಾಮಾಣಿಕತೆ ಸರಿ. ಸಾಮರ್ಥ್ಯ ತಿಳಿಯುವುದು ಹೇಗೆ? ಹಾಪರ್ ಬದುಕಿನ ಕಡಿಮೆ ಪ್ರಸಿದ್ಧವಾದ ಭಾಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1966ರಲ್ಲಿ ಅವರು ನೌಕಾಪಡೆಯಿಂದ ನಿವೃತ್ತರಾದರು. ಮರುವರ್ಷವೇ ಆರು ತಿಂಗಳ ಮಟ್ಟಿಗೆ ಎಂದು ವಾಪಸ್ ಕರೆದರು. ಆ ಆರು ತಿಂಗಳು ಹತ್ತೊಂಬತ್ತು ವರ್ಷವಾಯಿತು. ಕರೆದದ್ದು ಕೋಬಾಲ್ ಗೊಂದಲ ಬಗೆಹರಿಸಲು. ಪ್ರತಿ ಕಂಪ್ಯೂಟರ್ ಕಂಪನಿಯೂ ತನ್ನದೇ ಕೋಬಾಲ್ ಕಂಪೈಲರ್ ಮಾರುತ್ತಿತ್ತು. ಒಂದರಲ್ಲಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಕಂಪನಿಗಳ ಹೇಳಿಕೆ ಕೇಳುತ್ತಾ ಕೂತರೆ ಇದು ಬಗೆಹರಿಯುವಂತಿರಲಿಲ್ಲ. ಹಾಪರ್ ಮತ್ತು ಅವರ ತಂಡ ಪರೀಕ್ಷಾ ಪ್ರೋಗ್ರಾಂಗಳನ್ನು ಬರೆದರು. ಕಂಪೈಲರ್ ಅವುಗಳನ್ನು ಸರಿಯಾಗಿ ಓಡಿಸಿದರೆ ಪಾಸು. ಮಾರುವವರು ಏನೇ ಹೇಳಲಿ, ಎಲ್ಲರಿಗೂ ಒಂದೇ ಪರೀಕ್ಷೆ, ಅದನ್ನು ನಡೆಸುವವರು ಮಾರುವವರಲ್ಲ. ಮುಂದೆ ಇಡೀ ಅಮೆರಿಕ ಸರ್ಕಾರದ ಖರೀದಿಗೆ ಇಂಥ ಪರೀಕ್ಷೆ ಬಂತು. ಕಂಪೈಲರ್ ಕಟ್ಟಿ ಒಳಗಿನದನ್ನು ಮರೆಮಾಡಿದವರೇ, ಆ ಮರೆಯಲ್ಲಿರುವುದನ್ನು ಹೊರಗಿನಿಂದ ಅಳೆಯುವ ದಾರಿಯನ್ನೂ ಮಾಡಿಕೊಟ್ಟರು. ಹಾಪರ್ ಅವರ ಕೆಲಸದಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ.

ಸ್ಪೈವೇರ್ ವಿಷಯದಲ್ಲೂ ಇಂಥ ಪರೀಕ್ಷಕರು ಇದ್ದಾರೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್. ಇವರು ನಿಜವಾದ ಮಾಲ್‌ವೇರ್ ಹಾಕಿ ನೋಡುತ್ತಾರೆ, ಫಲಿತಾಂಶವನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೊಡುತ್ತಾರೆ. ಎವಿ-ಟೆಸ್ಟ್ ಮೂರು ವಿಷಯಕ್ಕೆ ತಲಾ 6 ಅಂಕ ಕೊಡುತ್ತದೆ. ರಕ್ಷಣೆಗೆ 6, ಕಂಪ್ಯೂಟರ್ ನಿಧಾನವಾಗದೆ ಇರುವುದಕ್ಕೆ 6, ಸುಳ್ಳು ಎಚ್ಚರಿಕೆ ಕೊಟ್ಟು ತೊಂದರೆ ಮಾಡದೆ ಇರುವುದಕ್ಕೆ 6. ಮೂರನೆಯದನ್ನು ಜನ ನೋಡುವುದೇ ಇಲ್ಲ. ಮ್ಯಾಕಫೀ ಪ್ರಕರಣ ನೆನಪಿದ್ದರೆ ಅದನ್ನೂ ನೋಡುತ್ತೀರಿ. ಪರೀಕ್ಷೆಗೆ ಒಳಪಡುವ ಕಂಪನಿಗಳು ಸಾಮಾನ್ಯವಾಗಿ ಈ ಲ್ಯಾಬ್‌ಗಳಿಗೆ ಶುಲ್ಕ ಕಟ್ಟುತ್ತವೆ ಎಂಬುದೂ ಗೊತ್ತಿರಲಿ. ಹಾಗಾಗಿ ಒಂದೇ ಲ್ಯಾಬಿನ ಒಂದೇ ತಿಂಗಳ ಫಲಿತಾಂಶ ಸಾಲದು. ಎರಡು ಲ್ಯಾಬ್‌ಗಳಲ್ಲಿ, ಒಂದೆರಡು ವರ್ಷ ಸತತವಾಗಿ ಚೆನ್ನಾಗಿ ಮಾಡಿದೆಯಾ ನೋಡಿ. ಶೇಕಡಾ 99.2 ಮತ್ತು 99.6ರ ನಡುವೆ ತಲೆ ಕೆಡಿಸಿಕೊಳ್ಳುವುದು ಬೇಡ. ಹೆಸರೇ ಯಾವ ಪಟ್ಟಿಯಲ್ಲೂ ಇಲ್ಲದ ಸಾಫ್ಟ್‌ವೇರ್ ಆದರೆ ಅಲ್ಲಿಗೆ ಬಿಟ್ಟುಬಿಡಿ. 'ಟಾಪ್ 10' ಎಂದು ಪಟ್ಟಿ ಹಾಕಿ ಪ್ರತಿ ಹೆಸರಿನ ಕೆಳಗೂ ಕೊಳ್ಳುವ ಗುಂಡಿ ಇಟ್ಟಿರುವ ವಿಮರ್ಶೆಗಳು ಬೇರೆ ಜಾತಿ. ನೀವು ಕೊಂಡರೆ ಬರೆದವರಿಗೆ ಕಮಿಷನ್ ಸಿಗುತ್ತದೆ.

ನೀವೇ ಮಾಡಬಹುದಾದ ಸಣ್ಣ ಪರೀಕ್ಷೆಯೂ ಇದೆ. ಐಕಾರ್ ಟೆಸ್ಟ್ ಫೈಲ್ ಎಂದು ಹೆಸರು. ಅದರಲ್ಲಿರುವುದು 68 ಅಕ್ಷರಗಳ ಸಾಲು, ಏನೂ ಅಪಾಯ ಇಲ್ಲ. ಆದರೆ ಹೆಚ್ಚುಕಡಿಮೆ ಎಲ್ಲ ಆ್ಯಂಟಿವೈರಸ್ ಕಂಪನಿಗಳೂ ಅದನ್ನು ಕಂಡರೆ ಎಚ್ಚರಿಸಬೇಕು ಎಂದು ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಸ್ವಂತ ತಾಣದಿಂದ ಅದನ್ನು ಇಳಿಸಿಕೊಂಡರೆ ನಿಮ್ಮ ಸಾಫ್ಟ್‌ವೇರ್ ತಕ್ಷಣ ತಡೆಯಬೇಕು. ತಡೆಯದೆ ಹೋದರೆ ಅದು ಎಚ್ಚರವಾಗಿಯೇ ಇಲ್ಲದಿರಬಹುದು. ತಡೆದರೆ ಎಚ್ಚರವಾಗಿದೆ ಎಂದಷ್ಟೇ ಅರ್ಥ, ಒಳ್ಳೆಯದು ಎಂದು ಸಾಬೀತಾಗುವುದಿಲ್ಲ.

ಈಗ ಆಯ್ಕೆಯ ಮಾತು. ವಿಂಡೋಸ್ 10 ಅಥವಾ 11 ಬಳಸುವವರಿಗೆ ಮೈಕ್ರೋಸಾಫ್ಟ್‌ನ ಸ್ವಂತ ಆ್ಯಂಟಿವೈರಸ್ ಡಿಫೆಂಡರ್ ಜೊತೆಗೇ ಬಂದಿರುತ್ತದೆ. ಇದರ ಬೇರು ಸ್ಪೈವೇರ್ ಕಾಲದಲ್ಲೇ ಇದೆ. 2004ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜೈಂಟ್ ಎಂಬ ಚಿಕ್ಕ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ ತೆಗೆಯುವ ಸಾಫ್ಟ್‌ವೇರನ್ನೇ ಬೆಳೆಸಿತು. ಹತ್ತು ಹನ್ನೆರಡು ವರ್ಷಗಳ ಹಿಂದೆ ಇದರ ಅಂಕ ಕಳಪೆಯಾಗಿತ್ತು. ಈಗ ಕೆಲವು ವರ್ಷಗಳಿಂದ ಲ್ಯಾಬ್ ಪರೀಕ್ಷೆಗಳಲ್ಲಿ ಮುಂದಿನ ಸಾಲಿನಲ್ಲೇ ಇದೆ. ಆಪರೇಟಿಂಗ್ ಸಿಸ್ಟಂ ಮಾಡಿದವರಿಗೆ ಕೆಳಗಿನ ಪದರದ ಹಕ್ಕು ಹೇಗೂ ಇದೆ. ಹೊಸದಾಗಿ ಇನ್ನೊಬ್ಬರಿಗೆ ಕೊಡುವ ಅಗತ್ಯ ಬೀಳುವುದಿಲ್ಲ. ಹೆಚ್ಚಿನವರಿಗೆ ಇದು ಸಾಕು ಎಂಬುದು ನನ್ನ ಅಭಿಪ್ರಾಯ. ಅದರ ಸೆಟ್ಟಿಂಗ್‌ನಲ್ಲಿ 'ಬೇಡದ ಆ್ಯಪ್‌ಗಳನ್ನು ತಡೆ' ಎಂಬ ಅರ್ಥದ ಆಯ್ಕೆ ಇದೆ. ಅದು ಚಾಲೂ ಇದೆಯಾ ನೋಡಿ. ಬೇರೆ ಪ್ರೋಗ್ರಾಂ ಜೊತೆ ಅಂಟಿಕೊಂಡು ಬರುವ ಜಾಹೀರಾತು ಸಾಫ್ಟ್‌ವೇರ್ ಬಹಳಷ್ಟು ಅಲ್ಲೇ ನಿಲ್ಲುತ್ತದೆ.

ಅನುಮಾನ ಉಳಿದರೆ ಎರಡನೇ ಅಭಿಪ್ರಾಯ ಪಡೆಯಿರಿ. ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿ, ಈಸೆಟ್‌ನ ಆನ್‌ಲೈನ್ ಸ್ಕ್ಯಾನರ್, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಂಥವು ಕರೆದಾಗ ಬಂದು ನೋಡಿ ಹೋಗುತ್ತವೆ, ಸದಾ ಕಾವಲು ಕೂರುವುದಿಲ್ಲ. ಸೇಫ್ಟಿ ಸ್ಕ್ಯಾನರ್ ಇಳಿಸಿಕೊಂಡ 10 ದಿನಕ್ಕೆ ಅವಧಿ ಮುಗಿಯುತ್ತದೆ, ಮತ್ತೆ ಹೊಸದು ತರಬೇಕು. ಸದಾ ಕಾವಲು ಕಾಯುವ ಎರಡು ಆ್ಯಂಟಿವೈರಸ್ ಮಾತ್ರ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಒಂದನ್ನೊಂದು ಅನುಮಾನಿಸಿ ಜಗಳಕ್ಕೆ ಬೀಳುತ್ತವೆ. ಎಲ್ಲವನ್ನೂ ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಸರ್ಚ್ ಫಲಿತಾಂಶದಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ. ನಕಲಿ ತಾಣಗಳು ಅಲ್ಲೇ ಹೊಂಚು ಹಾಕುತ್ತವೆ.

ಮೊಂಡ ಸ್ಪೈವೇರ್‌ಗೆ ಆಫ್‌ಲೈನ್ ಸ್ಕ್ಯಾನ್ ಬೇಕು. ವಿಂಡೋಸ್ ಓಡುತ್ತಿರುವಾಗ ಕೆಟ್ಟ ಪ್ರೋಗ್ರಾಂ ತನ್ನನ್ನು ತಾನು ಮರೆಮಾಡಿಕೊಳ್ಳಬಲ್ಲದು. ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನು ಮಾತ್ರ ನೀವೇ ಕೂತು ನೋಡಬೇಕು. ಹಾಕಿದ ನೆನಪಿಲ್ಲದ್ದು, ಎಲ್ಲ ಪುಟಗಳನ್ನೂ ಓದುವ ಅನುಮತಿ ಕೇಳಿರುವುದು ಇದ್ದರೆ ತೆಗೆಯಿರಿ.

ಫೋನಿನ ಲೆಕ್ಕವೇ ಬೇರೆ. ಐಫೋನ್‌ನಲ್ಲಿ ಪ್ರತಿ ಆ್ಯಪ್ ತನ್ನ ಬೇಲಿಯೊಳಗೇ ಇರಬೇಕು, ಇನ್ನೊಂದು ಆ್ಯಪ್ ಒಳಗೆ ಇಣುಕುವಂತಿಲ್ಲ. ಹಾಗಿದ್ದಾಗ ಐಫೋನ್ ಪೂರ್ತಿ ಸ್ಕ್ಯಾನ್ ಮಾಡಿ ಸ್ಪೈವೇರ್ ತೆಗೆಯುತ್ತೇನೆ ಎನ್ನುವ ಆ್ಯಪ್ ಆ ಮಾತನ್ನು ನಡೆಸಿಕೊಡಲಾರದು. ಅಲ್ಲಿ ಮಾಡಬೇಕಾದ್ದು ಅಪ್‌ಡೇಟ್, ಯಾರಿಗೆ ಏನು ಹಂಚಿದೆ ಎಂದು ತೋರಿಸುವ, ಸೆಟ್ಟಿಂಗ್‌ನಲ್ಲಿರುವ ಸೇಫ್ಟಿ ಚೆಕ್, ಫೋನಿನ ಸೆಟ್ಟಿಂಗ್‌ಗಳನ್ನು ಬೇರೆಯವರು ನಿಯಂತ್ರಿಸಲು ಬಿಡುವ ಗೊತ್ತಿಲ್ಲದ ಕಾನ್ಫಿಗರೇಷನ್ ಪ್ರೊಫೈಲ್ ಇದೆಯಾ ಎಂಬ ತಪಾಸಣೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ತಪಾಸಣೆ ವ್ಯವಸ್ಥೆ ಪ್ಲೇ ಪ್ರೊಟೆಕ್ಟ್ ಓಡಿಸಿ. ಆಮೇಲೆ ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್, ನೋಟಿಫಿಕೇಷನ್ ಓದುವ ಅನುಮತಿ, ಈ ಮೂರು ಜಾಗ ತೆರೆದು ಯಾವ ಆ್ಯಪ್‌ಗೆ ಹಕ್ಕು ಕೊಟ್ಟಿದೆ ನೋಡಿ. ಪರದೆ ಮೇಲಿನದನ್ನು ಓದುವ ಬೇಹುಗಾರಿಕೆ ಆ್ಯಪ್‌ಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಪೆಗಾಸಸ್‌ನಂಥ ಸರ್ಕಾರಿ ಮಟ್ಟದ ಸ್ಪೈವೇರ್ ಮಾತ್ರ ಈ ಯಾವ ಸಾಫ್ಟ್‌ವೇರ್‌ಗೂ ಸುಲಭದಲ್ಲಿ ಸಿಗುವುದಿಲ್ಲ. ಅದರ ಕುರುಹು ಹುಡುಕಲು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2021ರಲ್ಲಿ ಎಂವಿಟಿ ಎಂಬ ಸಾಧನ ಬಿಟ್ಟಿತು. ಅದನ್ನು ಬಳಸಲು ತಜ್ಞರೇ ಬೇಕು. ಅಂಥ ಭಯ ಇರುವ ಪತ್ರಕರ್ತರು, ಹೋರಾಟಗಾರರಿಗೆ 2022ರಿಂದ ಐಫೋನ್‌ನಲ್ಲಿ, ಹಲವು ಸೌಲಭ್ಯ ಕಡಿತ ಮಾಡಿ ದಾಳಿಯ ದಾರಿ ಕಿರಿದಾಗಿಸುವ ಲಾಕ್‌ಡೌನ್ ಮೋಡ್ ಇದೆ.

ಇಲ್ಲಿ ಬಹಳ ಗಂಭೀರವಾದ ಮಾತೊಂದಿದೆ. ಫೋನಿನಲ್ಲಿ ಸ್ಪೈವೇರ್ ಹಾಕಿದವರು ಮನೆಯವರೇ, ಗಂಡನೋ ಹಳೆಯ ಸಂಗಾತಿಯೋ ಆಗಿರಬಹುದು ಅನಿಸಿದರೆ ಸುಮ್ನೆ ತಕ್ಷಣ ತೆಗೆಯಬೇಡಿ. ತೆಗೆದ ಕೂಡಲೇ ಅವರಿಗೆ ಗೊತ್ತಾಗಬಹುದು, ಆಮೇಲೆ ಹಿಂಸೆ ಹೆಚ್ಚಬಹುದು. ಸಾಕ್ಷಿಯೂ ಹೋಗುತ್ತದೆ. ಮೊದಲು ಅವರ ಕೈಗೆ ಸಿಗದ ಬೇರೆ ಫೋನಿನಿಂದ ನಂಬಿಕೆಯವರನ್ನೋ ಮಹಿಳಾ ಸಹಾಯವಾಣಿಯನ್ನೋ ಸಂಪರ್ಕಿಸಿ. ಯಾವಾಗ ತೆಗೆಯಬೇಕು ಎಂದು ಅವರ ಜೊತೆ ಸೇರಿ ತೀರ್ಮಾನಿಸಿ. 2019ರಲ್ಲಿ ಆ್ಯಂಟಿವೈರಸ್ ಕಂಪನಿಗಳು ಮತ್ತು ಕೌಟುಂಬಿಕ ದೌರ್ಜನ್ಯದ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳು ಸೇರಿ 'ಕೋಅಲಿಷನ್ ಅಗೇನ್ಸ್ಟ್ ಸ್ಟಾಕರ್‌ವೇರ್' ಎಂಬ ಒಕ್ಕೂಟ ಕಟ್ಟಿದವು. ಅಲ್ಲೂ ಸಲಹೆ ಸಿಗುತ್ತದೆ.

ಬೇರೆ ಸಂದರ್ಭಗಳಲ್ಲಿ, ಸ್ಪೈವೇರ್ ತೆಗೆದಾದ ಮೇಲೂ ಕೆಲಸ ಬಾಕಿ ಇರುತ್ತದೆ. ಅದು ಇದ್ದಷ್ಟು ದಿನ ಕದ್ದ ಪಾಸ್‌ವರ್ಡ್ ಇನ್ನೂ ಅವರ ಬಳಿಯೇ ಇದೆ. ಸೋಂಕು ತಗಲದ ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಎರಡು ಹಂತದ ದೃಢೀಕರಣ ಹಾಕಿ. ಇಮೇಲ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ವಿಳಾಸ ಮತ್ತು ರಿಕವರಿ ಫೋನ್ ನಂಬರ್ ನಿಮ್ಮದೇನಾ ಎಂದು ನೋಡಿ. ಅಲ್ಲಿ ಗೊತ್ತಿಲ್ಲದ ವಿಳಾಸ ಕೂತಿದ್ದರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಪತ್ರಗಳ ಪ್ರತಿ ಅವರಿಗೆ ಹೋಗುತ್ತಲೇ ಇರುತ್ತದೆ.